ಕರಾರು ಪತ್ರವೂ ಸೈಟ್ ಡೈರಿಯೂ

(ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಗುತ್ತಿಗೆದಾರರು ಹಾಗೂ ಸಾರ್ವಜನಿಕರು ಸೇರಿದ್ದ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ನನ್ನ ಕೈಯಲ್ಲಿರುವುದು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನ ಜೆರಾಕ್ಸ್ ಪ್ರತಿ. ಮೂಲ ಪುಸ್ತಕ ಮಧ್ಯಸ್ಥಗಾರರ ಕಡತದಲ್ಲೇ ಉಳಿಯಿತು. ರಟ್ಟಿನ ಮೇಲೆ ಸಿಮೆಂಟ್ ಹಾಲು ಬಿದ್ದು ಗಟ್ಟಿಯಾದ ಕಲೆ ಜೆರಾಕ್ಸಿನಲ್ಲೂ ಕಾಣುತ್ತದೆ. ಮಲೆನಾಡಿನ ಒಂದು ಸೇತುವೆ ಕೆಲಸದಲ್ಲಿ ಡಿಪ್ಲೊಮಾ ಮುಗಿಸಿ ಬಂದ ಹುಡುಗನೊಬ್ಬ ಸೂಪರ್‌ವೈಸರ್ ಆಗಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ, ದಿನವೂ ಸಂಜೆ ಶೆಡ್ಡಿನಲ್ಲಿ ಕೂತು ನಾಲ್ಕೈದು ಸಾಲು ಬರೆಯುತ್ತಿದ್ದ. ಒಂದು ದಿನದ ಬರಹ ಹೀಗಿದೆ: ‘ಮಧ್ಯಾಹ್ನದವರೆಗೆ ಮಳೆ. ಆಳು 14, ಹೆಣ್ಣಾಳು 6. ಎರಡನೇ ಕಂಬದ ಗುಂಡಿ 5.20 ಮೀಟರ್. ಎಇ ಸಾಹೇಬರು ಬಂದು ನೋಡಿದರು. ಬಂಡೆ ಸಿಕ್ಕಿಲ್ಲ, ಇನ್ನೂ ತೋಡಿ ಅಂದರು. ನೀರೆತ್ತುವ ಪಂಪು ಎರಡು, ರಾತ್ರಿಯೂ ಓಡಿಸಿದೆವು.’

ನಕ್ಷೆಯಲ್ಲಿ ಬಂಡೆ ತೋರಿಸಿದ್ದು ಮೂರು ಮೀಟರಿನಲ್ಲಿ. ಹೆಚ್ಚಿನ ಆಳಕ್ಕೆ, ಪಂಪಿಗೆ, ಕಳೆದ ಮಳೆಗಾಲಕ್ಕೆ ಹಣ ಕೊಡಬೇಕೋ ಬೇಡವೋ ಎಂಬ ಜಗಳ ಆರು ವರ್ಷದ ಮೇಲೆ ಮಧ್ಯಸ್ಥಿಕೆಗೆ ಬಂತು. ಅಷ್ಟರಲ್ಲಿ ಅಸಿಸ್ಟೆಂಟ್ ಎಂಜಿನಿಯರ್ (ಎಇ) ವರ್ಗವಾಗಿದ್ದರು, ಎಕ್ಸಿಕ್ಯುಟಿವ್ ಎಂಜಿನಿಯರ್ ನಿವೃತ್ತರಾಗಿದ್ದರು, ಗುತ್ತಿಗೆದಾರರ ಕಚೇರಿಯಲ್ಲಿ ಅರ್ಧ ಪತ್ರಗಳು ಸಿಗಲಿಲ್ಲ. ಮಧ್ಯಸ್ಥಗಾರರು ಮೇಲಿನ ಸಾಲುಗಳನ್ನು ಎರಡು ಸಲ ಓದಿಸಿದರು. ಎರಡನೇ ಕಂಬದ ಹಣ ಮಂಜೂರಾಯಿತು. ಅಷ್ಟೇ ಆಳ, ಅದೇ ಕಷ್ಟವಿದ್ದ ಮೂರನೇ ಕಂಬದ ಹಣ ಸಿಗಲಿಲ್ಲ. ಆ ಹದಿನೆಂಟು ದಿನ ಹುಡುಗ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ. ಅವನ ಬದಲಿಗೆ ಬಂದವನು ಏನೂ ಬರೆದಿರಲಿಲ್ಲ.

ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ನೋಟ್‌ಬುಕ್ಕಿನ ಸುತ್ತಲೇ ಇದೆ. ನಾನು ಮೂವತ್ತೆರಡು ವರ್ಷ ನಿರ್ಮಾಣ ಗುತ್ತಿಗೆಗಳ ಕಾಗದಪತ್ರದ ನಡುವೆ ಬದುಕಿದವನು. ಮೊದಲು ಗುತ್ತಿಗೆದಾರರ ಕಡೆ, ಆಮೇಲೆ ಎರಡೂ ಕಡೆಯವರಿಗೆ ಸಲಹೆಗಾರನಾಗಿ. ನಮ್ಮಲ್ಲಿ ಕರಾರು ಎಂದರೆ ಸಹಿಯ ದಿನ ಮುಗಿದುಹೋಗುವ ಕೆಲಸ ಎಂಬ ಭಾವನೆ ಇದೆ. ಬಾಂಡ್ ಪೇಪರ್ ಬೀರುವಿಗೆ ಹೋಗುತ್ತದೆ, ಜಗಳವಾದಾಗ ವಕೀಲರ ಕಚೇರಿಯಲ್ಲಿ ಹೊರಬರುತ್ತದೆ. ಈ ನಡುವೆ ನಡೆದ ಕೆಲಸಕ್ಕೂ ಆ ಕಾಗದಕ್ಕೂ ಸಂಬಂಧವೇ ಇರುವುದಿಲ್ಲ. ಕರಾರು ಸೈಟಿನಲ್ಲಿ ದಿನದಿನವೂ ತೆರೆದು ನೋಡುವ ಪುಸ್ತಕವಾಗಬೇಕು, ಅದನ್ನು ಹಾಗೆ ತೆರೆದು ನೋಡುವಂತೆ ಬರೆಯಲೂ ಬೇಕು.

ಹಿರಿಯರು ಇದನ್ನು ಅರಿಯದವರಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಕೆರೆ ಶಾಸನವೊಂದಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರ ಕಟ್ಟಿಸಿದ ಕೆರೆ ಅದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕಾಡುವ ಆರು ದೋಷಗಳನ್ನೂ ಶಾಸನ ಎಣಿಸುತ್ತದೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಎಂದು ಕೆಲಸದ ಲೆಕ್ಕವನ್ನೂ ಕೊಡುತ್ತದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ, ಚೌಳು ಮಣ್ಣು ಇನ್ನೊಂದು, ಕೆರೆಯಂಗಳದ ನಡುವೆ ದಿಬ್ಬವಿರುವುದು ಮತ್ತೊಂದು. ನನಗೆ ಅಚ್ಚರಿ ತಂದದ್ದು ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದೂ ದೋಷ ಎಂಬ ಮಾತು. ಮಣ್ಣು ಚೆನ್ನಾಗಿರಬಹುದು, ನೀರೂ ಇರಬಹುದು, ಆದರೆ ಜಾಗದ ಒಡೆತನ ನಿಚ್ಚಳವಿಲ್ಲದಿದ್ದರೆ ಕೆಲಸ ಕೆಡುತ್ತದೆ. ಇಂದಿಗೂ ರಸ್ತೆ, ಕಾಲುವೆ, ಮೇಲ್ಸೇತುವೆ ಕೆಲಸಗಳು ನಿಂತುಹೋಗಲು ದೊಡ್ಡ ಕಾರಣ ಜಾಗ ಪೂರ್ತಿ ಕೈಗೆ ಬರದಿರುವುದು. ನಮ್ಮ ಶಾಸನಗಳಲ್ಲಿ ಕೆರೆಯ ಕೆಲಸಕ್ಕಾಗಿ ಬಿಟ್ಟ ಭೂಮಿಗೆ ಕಟ್ಟುಗೊಡಗೆ ಎಂಬ ಹೆಸರೂ ಇತ್ತು. ಕಟ್ಟಿದ ಮೇಲೆ ಯಾರು ನೋಡಿಕೊಳ್ಳಬೇಕು, ಅದಕ್ಕೆ ಹಣ ಎಲ್ಲಿಂದ ಎಂಬುದನ್ನು ಕಲ್ಲಿನ ಮೇಲೆ ಬರೆಸಿದ ನಾಡು ಇದು.

ಈಗ ನೆಲದ ಮಾತಿಗೆ ಬರೋಣ. ನಿರ್ಮಾಣದ ಜಗಳಗಳಲ್ಲಿ ಬಹುಪಾಲು ನೆಲದಡಿಯಲ್ಲೇ ಹುಟ್ಟುತ್ತವೆ. ಪಾಯ ತೋಡುವಾಗ ಮೆದು ಮಣ್ಣು ಒಂದು ದರ, ಗಟ್ಟಿ ಮಣ್ಣು ಒಂದು ದರ, ಹಾರೆಗೆ ಬಗ್ಗುವ ಕಲ್ಲಿಗೆ ಒಂದು, ಸಿಡಿಮದ್ದು ಬೇಕಾಗುವ ಬಂಡೆಗೆ ಮತ್ತೊಂದು. ಇವುಗಳ ನಡುವಿನ ಗೆರೆ ಎಲ್ಲಿದೆ? ಗುತ್ತಿಗೆದಾರ ಬಂಡೆ ಎಂದದ್ದನ್ನು ಎಂಜಿನಿಯರ್ ಗಟ್ಟಿ ಮಣ್ಣು ಎನ್ನುತ್ತಾರೆ. ಗುಂಡಿ ಮುಚ್ಚಿ ಕಾಂಕ್ರೀಟ್ ಬಿದ್ದ ಮೇಲೆ ಸತ್ಯ ಕಾಣುವವರು ಯಾರೂ ಇಲ್ಲ. ಆದ್ದರಿಂದ ಕರಾರಿನಲ್ಲಿ ಎರಡು ಸಂಗತಿ ಇರಲೇಬೇಕು. ನಕ್ಷೆಯಲ್ಲಿ ತೋರಿಸಿದ್ದಕ್ಕಿಂತ ಬೇರೆ ನೆಲ ಸಿಕ್ಕರೆ ಅದರ ಹೊರೆ ಯಾರದು ಎಂಬುದು ಒಂದು. ಗುಂಡಿ ಮುಚ್ಚುವ ಮೊದಲು ಇಬ್ಬರೂ ಒಟ್ಟಿಗೆ ನಿಂತು ಅಳತೆ ಹಿಡಿದು ಸಹಿ ಹಾಕಬೇಕು ಎಂಬುದು ಇನ್ನೊಂದು. ‘ಗುತ್ತಿಗೆದಾರರು ಸ್ಥಳ ಪರಿಶೀಲಿಸಿ ಎಲ್ಲವನ್ನೂ ತಿಳಿದುಕೊಂಡಿರುತ್ತಾರೆ’ ಎಂಬ ಸಾಲನ್ನು ಹಾಕಿ ಕೈತೊಳೆದುಕೊಳ್ಳುವ ಮಾಲೀಕರನ್ನು ಬಹಳ ನೋಡಿದ್ದೇನೆ. ಟೆಂಡರಿಗೆ ಕೊಟ್ಟ ಮೂರು ವಾರದಲ್ಲಿ ಗುತ್ತಿಗೆದಾರ ಬೋರ್ ಕೊರೆಸಿ ನೋಡಲಾರ ಎಂಬುದು ಇಬ್ಬರಿಗೂ ಗೊತ್ತು. ಜಾಣ ಗುತ್ತಿಗೆದಾರ ಆ ಅಪಾಯದ ಬೆಲೆಯನ್ನು ದರದೊಳಗೆ ಸೇರಿಸುತ್ತಾನೆ. ಬಂಡೆ ಸಿಗದಿದ್ದರೂ ಮಾಲೀಕ ಆ ಹಣ ತೆತ್ತಿರುತ್ತಾನೆ. ಆ ಜಾಣತನವಿಲ್ಲದವನು ಕಡಿಮೆ ದರ ಹಾಕಿ ಕೆಲಸ ಹಿಡಿದು ಅರ್ಧಕ್ಕೆ ಬಿಟ್ಟು ಹೋಗುತ್ತಾನೆ. ಮಾಲೀಕನೇ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಅದರ ವರದಿಯನ್ನು ಟೆಂಡರಿಗೆ ಲಗತ್ತಿಸುವುದು ಇಬ್ಬರಿಗೂ ಕಡಿಮೆ ಖರ್ಚಿನ ದಾರಿ.

ಅಳತೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಸಾಮಾನ್ಯ ಸಂಸಾರಗಳು ಕಣ್ಣೀರಿಟ್ಟದ್ದನ್ನು ನಾನು ನೋಡಿದ್ದು ಇಲ್ಲೇ. ನಿವೃತ್ತ ಶಾಲಾ ಮೇಷ್ಟ್ರೊಬ್ಬರು ಪಿಂಚಣಿಯ ಗಂಟನ್ನು ಹಾಕಿ ಮನೆ ಕಟ್ಟಿಸಲು ಹೊರಟರು. ಚದರಕ್ಕೆ ಇಷ್ಟು ಎಂದು ಮಾತಾಯಿತು. ಚದರ ಎಂದರೆ ನೂರು ಚದರಡಿ, ಅದು ಎಲ್ಲರಿಗೂ ಗೊತ್ತು. ಆದರೆ ಯಾವುದರ ನೂರು ಚದರಡಿ? ಬಾಲ್ಕನಿ ಪೂರ್ತಿ ಸೇರುತ್ತದೋ ಅರ್ಧವೋ? ಸಜ್ಜೆ ಸೇರುತ್ತದೆಯೇ? ತಾರಸಿ ಮೇಲಿನ ಮೆಟ್ಟಿಲು ಕೋಣೆ? ಸಂಪು, ಕಾಂಪೌಂಡ್, ಗೇಟು ಒಳಗೋ ಹೊರಗೋ? ಕರಾರು ಒಂದೇ ಪುಟದ್ದು. ಅದರಲ್ಲಿ ‘ಉತ್ತಮ ದರ್ಜೆಯ ಫಿಟಿಂಗ್ಸ್’ ಎಂದು ಬರೆದಿತ್ತು. ನಲ್ಲಿ ಯಾವ ಕಂಪನಿಯದು, ಟೈಲ್ಸ್ ಚದರಡಿಗೆ ಎಷ್ಟು ರೂಪಾಯಿಯದು, ಬಾಗಿಲ ಚೌಕಟ್ಟು ತೇಗವೋ ಹೊನ್ನೆಯೋ, ಒಂದು ಅಕ್ಷರವೂ ಇಲ್ಲ. ಮನೆ ಮುಗಿಯುವಾಗ ಮೇಷ್ಟ್ರ ಲೆಕ್ಕಕ್ಕೂ ಮೇಸ್ತ್ರಿಯ ಲೆಕ್ಕಕ್ಕೂ ಮೂರು ಚದರ ವ್ಯತ್ಯಾಸ ಬಂತು. ಮೇಸ್ತ್ರಿ ಮೋಸಗಾರನಲ್ಲ. ಅವನು ಹಿಂದಿನ ಹತ್ತು ಮನೆಗಳಲ್ಲಿ ಅಳೆದ ಹಾಗೆಯೇ ಅಳೆದಿದ್ದ. ಇಬ್ಬರೂ ನನ್ನ ಎದುರಿಗೆ ಕೂತಿದ್ದರು. ಮೇಷ್ಟ್ರು ‘ನಾನು ಕೊಡಲ್ಲ ಅಂತಿಲ್ಲ ಸಾರ್, ಇದು ಮೊದಲೇ ಹೇಳಬೇಕಿತ್ತು ಅಲ್ವಾ’ ಎಂದರು. ಮೇಸ್ತ್ರಿ ‘ನೀವು ಕೇಳ್ಲಿಲ್ವಲ್ಲ ಸ್ವಾಮಿ’ ಎಂದ. ಎರಡೂ ನಿಜವೇ.

ಅಳತೆ ಹೇಗೆ ಹಿಡಿಯಬೇಕು ಎಂಬುದಕ್ಕೆ ನಮ್ಮಲ್ಲಿ ಒಪ್ಪಿತ ನಿಯಮವಿದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 1200 ಎಂಬ ಸರಣಿ ಅದಕ್ಕೇ ಇರುವುದು. ಗಿಲಾವಿನ ಅಳತೆಯನ್ನೇ ತೆಗೆದುಕೊಳ್ಳಿ. ಅರ್ಧ ಚದರ ಮೀಟರಿನವರೆಗಿನ ಕಿಂಡಿಯನ್ನು ಅಳತೆಯಲ್ಲಿ ಕಳೆಯುವುದಿಲ್ಲ. ಅರ್ಧದಿಂದ ಮೂರು ಚದರ ಮೀಟರಿನವರೆಗಿನ ಬಾಗಿಲು ಕಿಟಕಿಗಳಿಗೆ, ಎರಡೂ ಕಡೆ ಒಂದೇ ಗಿಲಾವಿದ್ದರೆ, ಒಂದು ಮುಖದಲ್ಲಿ ಮಾತ್ರ ಕಳೆಯುತ್ತಾರೆ. ಇನ್ನೊಂದು ಮುಖವನ್ನು ಪಕ್ಕದ ಅಂಚುಗಳ ಕೆಲಸಕ್ಕೆ ಬಿಡುತ್ತಾರೆ. ಮೂರು ದಾಟಿದರೆ ಎರಡೂ ಮುಖ ಕಳೆದು, ಅಂಚುಗಳನ್ನು ಬೇರೆಯಾಗಿ ಅಳೆದು ಸೇರಿಸುತ್ತಾರೆ. ಒಂದು ಮೀಟರ್ ಅಗಲ, ಎರಡು ಮೀಟರ್ ಹತ್ತು ಸೆಂಟಿಮೀಟರ್ ಎತ್ತರದ ಬಾಗಿಲು ನಡುವಿನ ಗುಂಪಿಗೆ ಬೀಳುತ್ತದೆ. ಇದು ಗೊತ್ತಿಲ್ಲದ ಮಾಲೀಕ ‘ಬಾಗಿಲಿಗೂ ಗಿಲಾವು ಹಾಕಿದೆಯಾ’ ಎಂದು ಜಗಳ ತೆಗೆಯುತ್ತಾನೆ. ‘ಅಳತೆ ಐಎಸ್ 1200ರ ಪ್ರಕಾರ’ ಎಂದು ಕರಾರಿನಲ್ಲಿ ಒಂದು ಸಾಲಿದ್ದರೆ ಈ ಜಗಳವೇ ಇಲ್ಲ. ಚದರದ ಲೆಕ್ಕದಲ್ಲಿ ಮನೆ ಕಟ್ಟಿಸುವವರು ನಕ್ಷೆಯ ಮೇಲೆಯೇ ಬಣ್ಣ ಹಚ್ಚಿ, ಯಾವುದು ಲೆಕ್ಕಕ್ಕೆ ಬರುತ್ತದೆ ಯಾವುದು ಬರುವುದಿಲ್ಲ ಎಂದು ಗುರುತಿಸಿ, ಆ ನಕ್ಷೆಗೇ ಇಬ್ಬರೂ ಸಹಿ ಹಾಕಿ. ಹತ್ತು ಪುಟದ ಷರತ್ತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಇನ್ನೊಂದು ಚಾಳಿ ಹೇಳಲೇಬೇಕು. ಹಳೆಯ ಟೆಂಡರ್ ಕಡತ ತೆಗೆದು ಹೆಸರು ಬದಲಾಯಿಸಿ ಹೊಸದು ಮಾಡುವುದು. ಹಾಸ್ಟೆಲ್ ಕಟ್ಟಡದ ಕರಾರಿನಲ್ಲಿ ಡಾಂಬರಿನ ಉಷ್ಣತೆಯ ಷರತ್ತು ಓದಿದ್ದೇನೆ. ಅದು ಹಾನಿ ಮಾಡಲಿಲ್ಲ. ಆದರೆ ಅದೇ ಕರಾರಿನ ಒಂದು ಪುಟದಲ್ಲಿ ದೋಷ ಹೊಣೆಯ ಅವಧಿ ಒಂದು ವರ್ಷ, ಇನ್ನೊಂದು ಪುಟದಲ್ಲಿ ಮೂರು ವರ್ಷ ಎಂದಿತ್ತು. ಅದು ಹಾನಿ ಮಾಡಿತು. ಹಲವು ದಾಖಲೆ ಸೇರಿ ಒಂದು ಕರಾರಾಗುವಾಗ ವಿರೋಧ ಬಂದರೆ ಯಾವುದರ ಮಾತು ನಡೆಯಬೇಕು ಎಂಬ ಆದ್ಯತೆಯ ಕ್ರಮವನ್ನು ಬರೆಯಿರಿ. ಒಪ್ಪಿಗೆ ಪತ್ರ, ವಿಶೇಷ ಷರತ್ತು, ಸಾಮಾನ್ಯ ಷರತ್ತು, ನಕ್ಷೆ, ಪರಿಮಾಣ ಪಟ್ಟಿ, ಹೀಗೆ ಯಾವ ಕ್ರಮವಾದರೂ ಸರಿ, ಕ್ರಮ ಇರಬೇಕು.

ಈಗ ‘ಮಾಡಿಬಿಡಿ, ಆಮೇಲೆ ನೋಡೋಣ’ ಎಂಬ ಮಾತಿನ ಬಗ್ಗೆ. ಸೈಟಿನಲ್ಲಿ ಅತಿ ಹೆಚ್ಚು ಕೇಳುವ ಮಾತು ಇದೇ. ಒಂದು ಗೋಡೆ ಸರಿಸಿ, ಒಂದು ಕಿಟಕಿ ಸೇರಿಸಿ, ಮೋರಿ ಸ್ವಲ್ಪ ಮುಂದಕ್ಕೆ ಎಳೆಯಿರಿ. ಹೇಳುವವರು ಒಳ್ಳೆಯವರೇ, ಮಾಡುವವರೂ ನಂಬಿಕೆಯಿಂದಲೇ ಮಾಡುತ್ತಾರೆ. ಬಿಲ್ ಬಂದಾಗ ಹೇಳಿದವರು ವರ್ಗವಾಗಿರುತ್ತಾರೆ. ಈ ವಿಷಯದಲ್ಲಿ ನಮ್ಮ ಕಾನೂನಿನ ದೊಡ್ಡ ತೀರ್ಪಿನ ಹಿಂದಿರುವುದು ಬಹಳ ಚಿಕ್ಕ ಕೆಲಸ. 1944ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಆರಾಮ್‌ಬಾಗ್‌ನಲ್ಲಿ ನಾಗರಿಕ ಸರಬರಾಜು ಇಲಾಖೆಯ ಅಧಿಕಾರಿಗಳು ಕೇಳಿದರೆಂದು ಬಿ.ಕೆ. ಮೊಂಡಲ್ ಎಂಬ ಗುತ್ತಿಗೆ ಸಂಸ್ಥೆ ಉಗ್ರಾಣದ ಶೆಡ್ಡು, ಕಚ್ಚಾ ರಸ್ತೆ, ಕಾವಲುಗಾರರ ಕೋಣೆ, ಅಡುಗೆಮನೆ ಕಟ್ಟಿಕೊಟ್ಟಿತು. ಇಲಾಖೆ ಅವನ್ನೆಲ್ಲ ಬಳಸಿತು. ಬಾಕಿ ಉಳಿದದ್ದು ಸುಮಾರು 19,325 ರೂಪಾಯಿ. ಸರ್ಕಾರದ ಹೆಸರಿನಲ್ಲಿ ವಿಧಿವತ್ತಾದ ಕರಾರು ಇಲ್ಲ, ಹಣವೂ ಇಲ್ಲ ಎಂದಿತು ಸರ್ಕಾರ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1961ರಲ್ಲಿ ತೀರ್ಮಾನವಾಯಿತು. ಕರಾರು ಊರ್ಜಿತವಲ್ಲ, ಆದರೆ ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಮಾಡಿಕೊಟ್ಟ ಕೆಲಸದ ಲಾಭವನ್ನು ಪಡೆದವರು ಪ್ರತಿಫಲ ಕೊಡಲೇಬೇಕು ಎಂದು 1872ರ ಕರಾರು ಅಧಿನಿಯಮದ 70ನೇ ಸೆಕ್ಷನ್ನಿನ ಪ್ರಕಾರ ನ್ಯಾಯಾಲಯ ಹೇಳಿತು.

ಗುತ್ತಿಗೆದಾರ ಮಿತ್ರರು ಇದನ್ನು ಕೇಳಿ ಸಮಾಧಾನಪಡಬಾರದು. ಕೆಲಸ 1944ರದು, ತೀರ್ಪು 1961ರದು. ಹದಿನೇಳು ವರ್ಷ ಕಾಯುವ ಶಕ್ತಿ ಎಷ್ಟು ಜನರಿಗಿದೆ? ನಮ್ಮ ಲೋಕೋಪಯೋಗಿ ಇಲಾಖೆಯಲ್ಲಿ ಹೆಚ್ಚುವರಿ ಬಾಬ್ತುಗಳಿಗೆ ಇಐಆರ್‌ಎಲ್ ಎಂಬ ವ್ಯವಸ್ಥೆ ಇದೆ, ವರ್ಕ್ ಸ್ಲಿಪ್ ಇದೆ. ಅವು ಮಂಜೂರಾಗಲು ಸಮಯ ಹಿಡಿಯುತ್ತದೆ ಎಂಬುದು ಗೊತ್ತು. ಮಂಜೂರಾತಿ ಬರುವವರೆಗೆ ಕೆಲಸ ನಿಲ್ಲಿಸಲೂ ಆಗುವುದಿಲ್ಲ. ಆದರೆ ಹೇಳಿದ ದಿನವೇ ಒಂದು ಪತ್ರ ಬರೆಯಲು ಯಾರ ಮಂಜೂರಾತಿಯೂ ಬೇಡ. ‘ತಾವು ಇಂದು ಬೆಳಗ್ಗೆ ಸ್ಥಳಕ್ಕೆ ಬಂದಾಗ ಈ ಕೆಲಸ ಮಾಡಲು ಸೂಚಿಸಿದಿರಿ. ಇದು ಪರಿಮಾಣ ಪಟ್ಟಿಯಲ್ಲಿಲ್ಲ. ನಾಳೆಯಿಂದ ಆರಂಭಿಸುತ್ತಿದ್ದೇವೆ. ದರ ನಿಗದಿ ಮಾಡಿಕೊಡಬೇಕಾಗಿ ಕೋರಿಕೆ.’ ಇಷ್ಟೇ ಸಾಕು. ಇಂತಹ ಪತ್ರ ಬರೆದರೆ ಸಾಹೇಬರಿಗೆ ಬೇಸರವಾದೀತು ಎಂದು ಹೆದರುವವರು ಬಹಳ. ನನ್ನ ಅನುಭವ ಬೇರೆ. ಸಭ್ಯವಾಗಿ, ಆರೋಪವಿಲ್ಲದೆ, ಆ ದಿನವೇ ಬಂದ ಪತ್ರದಿಂದ ಅಧಿಕಾರಿಗೂ ಅನುಕೂಲ. ನಾಳೆ ಆಡಿಟ್‌ನವರು ಕೇಳಿದರೆ ತೋರಿಸಲು ಅವರಿಗೂ ಕಾಗದ ಬೇಕು. ಬೇಸರ ತರುವುದು ಎರಡು ವರ್ಷ ಸುಮ್ಮನಿದ್ದು ಕೊನೆಯ ಬಿಲ್ಲಿನ ಜೊತೆ ಒಟ್ಟಿಗೆ ತಂದು ಸುರಿಯುವ ಕ್ಲೇಮುಗಳು.

ಜಗತ್ತಿನ ಅನೇಕ ದೊಡ್ಡ ಯೋಜನೆಗಳಲ್ಲಿ ಬಳಸುವ ಫಿಡಿಕ್ ಕರಾರು ಮಾದರಿಯಲ್ಲಿ ಇಂತಹ ನೋಟಿಸಿಗೆ 28 ದಿನದ ಗಡುವಿದೆ. 1999ರ ಆವೃತ್ತಿಯಲ್ಲಿ ಗುತ್ತಿಗೆದಾರ ಅಷ್ಟರೊಳಗೆ ನೋಟಿಸ್ ಕೊಡದಿದ್ದರೆ ಹಕ್ಕೇ ಹೋಗುತ್ತಿತ್ತು. 2017ರ ಆವೃತ್ತಿ ಅದೇ ಶಿಸ್ತನ್ನು ಮಾಲೀಕನಿಗೂ ಹಾಕಿತು. ಭಾರತದಲ್ಲಿ ಕರಾರು ಅಧಿನಿಯಮದ 28ನೇ ಸೆಕ್ಷನ್ನಿಗೆ 1997ರಲ್ಲಿ ಆದ ತಿದ್ದುಪಡಿಯಿಂದ, ಇಷ್ಟು ಅವಧಿ ಮುಗಿದರೆ ಹಕ್ಕು ನಂದಿಹೋಗುತ್ತದೆ ಎನ್ನುವ ಷರತ್ತು ಆ ಮಟ್ಟಿಗೆ ಅನೂರ್ಜಿತವಾಗುತ್ತದೆ. ವಕೀಲರು ಇದನ್ನು ವಾದಿಸಬಲ್ಲರು. ವಾದಕ್ಕೆ ಎಡೆಯಿದೆ ಎಂದು ನೋಟಿಸ್ ಕೊಡದೆ ಕೂರುವುದು ಮಾತ್ರ ತಪ್ಪು.

ಕಾಲದ ವಿಷಯದಲ್ಲಿ ನಾಸಿಕ್ ಬಳಿಯ ಆಳಂದಿ ನದಿಯ ಮೇಲಿನ ಮೇಲ್ಗಾಲುವೆಯ ಕಥೆಯನ್ನು ವಿದ್ಯಾರ್ಥಿಗಳು ಓದಬೇಕು. 1955ರ ಜುಲೈಯಲ್ಲಿ ಕೆಲಸದ ಆದೇಶ, ಹನ್ನೆರಡು ತಿಂಗಳ ಗಡುವು. ಜುಲೈ ಎಂದರೆ ಮಳೆಗಾಲ. ನದಿಯಲ್ಲಿ ಕೆಲಸ ಹಿಡಿಯುವುದು ಹೇಗೆ? ಗಡುವು ಮುಗಿದಾಗ ಇಲಾಖೆ ಗುತ್ತಿಗೆ ರದ್ದು ಮಾಡಿ ಠೇವಣಿ ಮುಟ್ಟುಗೋಲು ಹಾಕಿಕೊಂಡಿತು. ಹಿಂದ್ ಕನ್‌ಸ್ಟ್ರಕ್ಷನ್ ಪ್ರಕರಣ ಎಂದು ಹೆಸರಾದ ಈ ವ್ಯಾಜ್ಯದಲ್ಲಿ 1979ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ತಿರುಳು ಇಷ್ಟು: ‘ಕಾಲವೇ ಕರಾರಿನ ಸಾರ’ ಎಂದು ಬರೆದ ಮಾತ್ರಕ್ಕೆ ಕಾಲ ಸಾರವಾಗುವುದಿಲ್ಲ. ಅದೇ ಕರಾರಿನಲ್ಲಿ ಅವಧಿ ವಿಸ್ತರಿಸಲು, ತಡಕ್ಕೆ ದಿನದ ಲೆಕ್ಕದಲ್ಲಿ ದಂಡ ಹಾಕಲು ಅವಕಾಶವಿದ್ದರೆ ಆ ಮಾತಿನ ಬಲ ಕುಗ್ಗುತ್ತದೆ. ಆಗ ಮಾಲೀಕ ಸಮಂಜಸವಾದ ಹೊಸ ದಿನ ಗೊತ್ತುಮಾಡಿ ನೋಟಿಸ್ ಕೊಡಬೇಕು, ಅಷ್ಟರೊಳಗೂ ಆಗದಿದ್ದರೆ ರದ್ದು. ರದ್ದತಿ ತಪ್ಪೆಂದೇ ತೀರ್ಮಾನವಾಯಿತು. ನಮ್ಮ ನಾಡಿನಲ್ಲಿ ಹನ್ನೆರಡು ತಿಂಗಳು ಎಂದು ಬರೆಯುವ ಮುನ್ನ ಅದರಲ್ಲಿ ಎಷ್ಟು ಮಳೆ ತಿಂಗಳು ಎಂದು ಕೇಳಿಕೊಳ್ಳಿ. ಆಗುಂಬೆಗೂ ಚಳ್ಳಕೆರೆಗೂ ಒಂದೇ ಗಡುವು ಹಾಕುವುದು ಅನ್ಯಾಯ.

ಮಾಲೀಕರ ಕಡೆಯವರೂ ಒಂದು ಎಚ್ಚರ ತಿಳಿದಿರಬೇಕು. ಅದೇ ಅಧಿನಿಯಮದ 55ನೇ ಸೆಕ್ಷನ್ನಿನ ಕೊನೆಯ ಭಾಗ ಓದಿ. ಗಡುವು ಮೀರಿದ ಮೇಲೆ ಕೆಲಸವನ್ನು ಒಪ್ಪಿಕೊಂಡವರು, ತಡದ ನಷ್ಟವನ್ನು ಆಮೇಲೆ ಕೇಳುತ್ತೇನೆ ಎಂದು ಒಪ್ಪಿಕೊಳ್ಳುವಾಗಲೇ ನೋಟಿಸ್ ಕೊಟ್ಟಿರದಿದ್ದರೆ ಆ ನಷ್ಟವನ್ನು ಕೇಳುವಂತಿಲ್ಲ. ಅವಧಿ ವಿಸ್ತರಣೆಯ ಪತ್ರಕ್ಕೆ ‘ನಷ್ಟ ಪರಿಹಾರದ ಹಕ್ಕನ್ನು ಕಾಯ್ದಿರಿಸಿ’ ಎಂಬ ಸಾಲು ಸೇರಿಸಲು ಮರೆತು ಹಕ್ಕು ಕಳೆದುಕೊಂಡ ಕಚೇರಿಗಳನ್ನು ಕಂಡಿದ್ದೇನೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕೆಲಸಗಳಲ್ಲಿ ಹಿಂಡ್ರೆನ್ಸ್ ರಿಜಿಸ್ಟರ್ ಎಂಬ ಅಡಚಣೆ ವಹಿ ಇಡುತ್ತಾರೆ. ಅಡಚಣೆ ಏನು, ಯಾವತ್ತು ಶುರು, ಯಾವತ್ತು ನಿವಾರಣೆ, ಇಬ್ಬರ ಸಹಿ. ಇಷ್ಟು ಒಳ್ಳೆಯ ಪದ್ಧತಿ ಖಾಸಗಿ ಕೆಲಸಗಳಲ್ಲಿ ಏಕಿಲ್ಲವೋ ನನಗೆ ತಿಳಿಯದು. ಮನೆ ಕಟ್ಟಿಸುವವರೂ ಇಡಬಹುದು. ಮರಳು ಬಂದಿಲ್ಲ, ನಾಲ್ಕು ದಿನ. ಮಾಲೀಕರು ಟೈಲ್ಸ್ ಆರಿಸಿಲ್ಲ, ಹನ್ನೊಂದು ದಿನ. ಸೆಂಟ್ರಿಂಗ್ ಆಳುಗಳು ಹಬ್ಬಕ್ಕೆ ಊರಿಗೆ ಹೋದರು, ಒಂದು ವಾರ. ಬರೆದಿಟ್ಟರೆ ತಡದ ಹೊಣೆ ತಾನಾಗಿ ಹಂಚಿಕೆಯಾಗುತ್ತದೆ.

ದಂಡದ ಷರತ್ತಿನ ಬಗ್ಗೆ ಜನರಲ್ಲಿ ತಪ್ಪು ತಿಳಿವಳಿಕೆ ಇದೆ. ದೊಡ್ಡ ಮೊತ್ತ ಬರೆದರೆ ಗುತ್ತಿಗೆದಾರ ಹೆದರುತ್ತಾನೆ ಎಂದುಕೊಳ್ಳುತ್ತಾರೆ. 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಮೇಲ್ಮಿತಿ ಮಾತ್ರ. ಸಿಗುವುದು ಅದರೊಳಗಿನ ಸಮಂಜಸ ಪರಿಹಾರ. ದೆಹಲಿ ಅಭಿವೃದ್ಧಿ ಪ್ರಾಧಿಕಾರ 1982ರಲ್ಲಿ ಭಿಕಾಜಿ ಕಾಮಾ ಪ್ಲೇಸಿನ ನಿವೇಶನವೊಂದನ್ನು 3.12 ಕೋಟಿಗೆ ಹರಾಜು ಹಾಕಿತು. ಉಳಿದ ಹಣ ಬರಲಿಲ್ಲವೆಂದು ಮುಂಗಡದ 78 ಲಕ್ಷ ಮುಟ್ಟುಗೋಲಾಯಿತು. ಅದೇ ನಿವೇಶನ 1994ರಲ್ಲಿ 11.78 ಕೋಟಿಗೆ ಹೋಯಿತು. ಕೈಲಾಶ್‌ನಾಥ್ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು ಹಣ ಹಿಂದಿರುಗಿಸುವಂತೆ ಹೇಳಿತು. ನಷ್ಟವೇ ಆಗದವರಿಗೆ ನಷ್ಟ ಪರಿಹಾರ ಇಲ್ಲ. ಆದ್ದರಿಂದ ದಂಡದ ಮೊತ್ತ ಬರೆಯುವಾಗ ಅದನ್ನು ಹೇಗೆ ಲೆಕ್ಕ ಹಾಕಿದಿರಿ ಎಂಬುದನ್ನು ಕಡತದಲ್ಲಿ ಇಡಿ. ತಿಂಗಳ ಬಾಡಿಗೆ ಇಷ್ಟು, ಸಾಲದ ಬಡ್ಡಿ ಇಷ್ಟು, ಅದರಿಂದ ದಿನಕ್ಕೆ ಇಷ್ಟು. ನಷ್ಟವನ್ನು ರುಜುವಾತು ಮಾಡುವುದು ಕಷ್ಟವಾದ ಕಡೆ ಇಂತಹ ಪ್ರಾಮಾಣಿಕ ಅಂದಾಜು ನಿಲ್ಲುತ್ತದೆ.

ಇಲ್ಲೇ ನಮ್ಮ ತೀರ್ಥಹಳ್ಳಿಯನ್ನು ನೆನೆಯಬೇಕು. ಅಲ್ಲಿನ ಶ್ರೀ ರಾಮೇಶ್ವರ ರೈಸ್ ಮಿಲ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ವ್ಯಾಜ್ಯ ಭತ್ತದ್ದು, ಕಟ್ಟಡದ್ದಲ್ಲ. ಆದರೆ 1987ರ ಆ ತೀರ್ಪನ್ನು ಇಂದು ದೇಶದ ಕಟ್ಟಡ ಗುತ್ತಿಗೆಗಳಲ್ಲೆಲ್ಲ ಎತ್ತಿ ಹೇಳುತ್ತಾರೆ. ಷರತ್ತು ಮುರಿದರೆ ಸರ್ಕಾರವೇ ನಿರ್ಧರಿಸಿದ ನಷ್ಟವನ್ನು ಕೊಡಬೇಕು ಎಂದು ಕರಾರಿನಲ್ಲಿತ್ತು. ನಷ್ಟದ ಮೊತ್ತ ಲೆಕ್ಕ ಹಾಕುವ ಅಧಿಕಾರವಿದ್ದ ಮಾತ್ರಕ್ಕೆ ಷರತ್ತು ಮುರಿದಿದೆಯೇ ಇಲ್ಲವೇ ಎಂದು ತೀರ್ಮಾನಿಸುವ ಅಧಿಕಾರ ಬರುವುದಿಲ್ಲ, ಎದುರು ಪಕ್ಷ ತಪ್ಪನ್ನು ಒಪ್ಪಿಕೊಂಡಾಗ ಮಾತ್ರ ಅದು ನಡೆಯುತ್ತದೆ ಎಂದು ನ್ಯಾಯಾಲಯ ಹೇಳಿತು. ಗುವಾಹಟಿ ವಿಮಾನ ನಿಲ್ದಾಣದ ಕಟ್ಟಡಕ್ಕೆ ಸಂಬಂಧಿಸಿದ 2011ರ ಜೆ.ಜಿ. ಎಂಜಿನಿಯರ್ಸ್ ತೀರ್ಪು ನಿಂತಿರುವುದೂ ಇದೇ ತತ್ತ್ವದ ಮೇಲೆ. ‘ಎಂಜಿನಿಯರರ ತೀರ್ಮಾನವೇ ಅಂತಿಮ’ ಎಂದು ಬರೆಯುವವರು ಇದನ್ನು ಓದಬೇಕು.

ಬ್ಯಾಂಕ್ ಗ್ಯಾರಂಟಿಯ ಬಗ್ಗೆ ಒಂದೇ ಮಾತು. ಬಿಹಾರದ ಒಂದು ನೀರಾವರಿ ಕೆಲಸದಲ್ಲಿ ಗ್ಯಾರಂಟಿ ಇದ್ದದ್ದು ಚೀಫ್ ಎಂಜಿನಿಯರ್ ಹೆಸರಿಗೆ. ಬ್ಯಾಂಕಿಗೆ ಪತ್ರ ಬರೆದು ಹಣ ಕೇಳಿದವರು ಎಕ್ಸಿಕ್ಯುಟಿವ್ ಎಂಜಿನಿಯರ್. 1999ರಲ್ಲಿ ಸುಪ್ರೀಂ ಕೋರ್ಟು ಆ ಬೇಡಿಕೆ ಸರಿಯಲ್ಲ ಎಂದಿತು. ಯಾರ ಹೆಸರು, ಯಾವ ದಿನದವರೆಗೆ, ಯಾವ ಪದಗಳಲ್ಲಿ ಎಂದು ಗ್ಯಾರಂಟಿ ಪತ್ರ ಕೈಗೆ ಬಂದ ದಿನವೇ ಓದಿ.

ಮಧ್ಯಸ್ಥಿಕೆಯ ಷರತ್ತೂ ಬದಲಾಗುತ್ತಿದೆ. ಸರ್ಕಾರಿ ಸಂಸ್ಥೆಯೊಂದೇ ತನಗೆ ಬೇಕಾದ ಮಧ್ಯಸ್ಥಗಾರರನ್ನು ನೇಮಿಸುವ ಷರತ್ತು ಸಮಾನತೆಗೆ ವಿರುದ್ಧ ಎಂದು 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಹೇಳಿದೆ. ಹಳೆಯ ಮಾದರಿಗಳನ್ನು ನಕಲು ಮಾಡುವವರು ಇನ್ನೂ ಆ ಷರತ್ತನ್ನೇ ಹಾಕುತ್ತಿದ್ದಾರೆ. ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು ಇರುವ ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ. ನಾಳೆ ಕೊಡುತ್ತೇವೆ ಎಂಬ ಬಾಯಿಮಾತು ಅದನ್ನು ಹಿಗ್ಗಿಸುವುದಿಲ್ಲ.

ಕೊನೆಗೆ ಭಾಷೆಯ ವಿಷಯ. ಮೇಷ್ಟ್ರ ಮನೆಯ ಆ ಒಂದು ಪುಟದ ಕರಾರು ಇಂಗ್ಲಿಷಿನಲ್ಲಿತ್ತು. ಉಪನೋಂದಣಾಧಿಕಾರಿ ಕಚೇರಿಯ ಎದುರು ಟೈಪ್ ಮಾಡಿಸಿದ್ದು. ಮೇಸ್ತ್ರಿಗೆ ಓದಲು ಬರುತ್ತಿರಲಿಲ್ಲ. ಮೇಷ್ಟ್ರು ಓದಿದರೂ ‘ಹಿಯರಿನ್‌ಆಫ್ಟರ್’ಗಳ ನಡುವೆ ಅರ್ಥ ಹಿಡಿಯಲಾಗಲಿಲ್ಲ. ಕನ್ನಡದಲ್ಲಿ ಬರೆದ ಕರಾರು ಅದೇ ಕಾರಣಕ್ಕೆ ಅಮಾನ್ಯವಾಗುವುದಿಲ್ಲ. ಆದರೆ ಕನ್ನಡದಲ್ಲಿ ಬರೆಯುವವರೂ ‘ಸದರಿ ಮೇಲ್ಕಂಡ ಒಂದನೇ ಪಾರ್ಟಿಯವರು’ ಎಂದು ಶುರುಮಾಡಿ ನಾಲ್ಕು ಸಾಲಿನ ಒಂದೇ ವಾಕ್ಯ ಕಟ್ಟುತ್ತಾರೆ. ಅದೂ ಯಾರಿಗೂ ತಿಳಿಯುವುದಿಲ್ಲ. ಮಾಲೀಕರು, ಗುತ್ತಿಗೆದಾರರು ಎಂದು ನೇರವಾಗಿ ಬರೆಯಿರಿ. ಮೋಲ್ಡ್ ಹಾಕಿದ ಮೇಲೆ ಎಷ್ಟು ದಿನ ನೀರು ಕಟ್ಟಬೇಕು, ಪಾಯ ಮುಗಿದಾಗ ಎಷ್ಟು ಹಣ, ಗೋಡೆ ಲಿಂಟಲ್ ಮಟ್ಟಕ್ಕೆ ಬಂದಾಗ ಎಷ್ಟು, ಬಿರುಕು ಬಿಟ್ಟರೆ ಎಷ್ಟು ದಿನದೊಳಗೆ ಬಂದು ಸರಿಮಾಡಬೇಕು ಎಂಬುದನ್ನು ಸೈಟಿನಲ್ಲಿ ಮಾತಾಡುವ ಪದಗಳಲ್ಲೇ ಬರೆಯಿರಿ. ಮೇಸ್ತ್ರಿಗೆ ಓದಿ ಹೇಳಿ, ಅವನು ತನ್ನ ಮಾತಿನಲ್ಲಿ ಮತ್ತೆ ಹೇಳಲಿ, ಆಮೇಲೆ ಸಹಿ ಹಾಕಿಸಿ.

ಅದಕ್ಕಾಗಿ ಈ ಕಾಲೇಜಿನ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಮನೆ ಕಟ್ಟಿಸುವವರಿಗಾಗಿ ಆರು ಪುಟ ಮೀರದ ಒಂದು ಕನ್ನಡ ಕರಾರು ಮಾದರಿಯನ್ನು, ಜೊತೆಗೆ ಸೈಟ್ ಡೈರಿಯ ಒಂದು ಪುಟದ ನಮೂನೆಯನ್ನು ಈ ವರ್ಷದ ನಿಮ್ಮ ಪ್ರಾಜೆಕ್ಟ್ ಕೆಲಸವಾಗಿ ಸಿದ್ಧಪಡಿಸಿ. ಹತ್ತು ಮೇಸ್ತ್ರಿಗಳಿಗೆ, ಹತ್ತು ಮಾಲೀಕರಿಗೆ ಓದಿ ಕೇಳಿಸಿ, ಅವರಿಗೆ ಅರ್ಥವಾಗದ ಸಾಲುಗಳನ್ನೆಲ್ಲ ತೆಗೆದು ಮತ್ತೆ ಬರೆಯಿರಿ. ನನ್ನ ಹತ್ತಿರ ಇರುವ ಮಾದರಿಗಳನ್ನೂ ಟಿಪ್ಪಣಿಗಳನ್ನೂ ನಿಮ್ಮ ಗ್ರಂಥಾಲಯಕ್ಕೆ ಇವತ್ತೇ ಒಪ್ಪಿಸುತ್ತಿದ್ದೇನೆ. ಈ ನೋಟ್‌ಬುಕ್ಕಿನ ಜೆರಾಕ್ಸ್ ಕೂಡ ಅದರಲ್ಲಿದೆ. ಶನಿವಾರ ಮಧ್ಯಾಹ್ನಗಳಲ್ಲಿ ನಾನು ಬಂದು ನಿಮ್ಮ ಜೊತೆ ಕೂರುತ್ತೇನೆ.